ಆಯಮ್ಮನ ದಂಟಿನ ಮಡಿ

ಹತ್ತಿರ ಬನ್ನಿ, ಆ ಕಡೆ ಗಾಳಿ ಜಾಸ್ತಿ. ಮೆಕ್ಕೆಜೋಳದ ಬೆಂಡು ಬೇಗ ಹತ್ತಿಕೊಂಡು ಬೇಗ ಬೂದಿಯಾಗುತ್ತದೆ, ಇನ್ನೊಂದು ಬುಟ್ಟಿ ಪಕ್ಕದಲ್ಲೇ ಇಟ್ಟುಕೊಳ್ಳಿ. ನಾಳೆ ನೀವೆಲ್ಲ ರಾವೆಗೆ ಹೊರಡುವವರು. ಕಾಗದದಲ್ಲಿ ಅದು ಗ್ರಾಮೀಣ ಕೃಷಿ ಕಾರ್ಯಾನುಭವ, ನಮ್ಮ ಬಾಯಲ್ಲಿ ಆಗಲೂ ಈಗಲೂ ರಾವೆ. ನಿಮ್ಮ ಕೈಗೆ ಕೊಟ್ಟಿರುವ ಪಟ್ಟಿಯಲ್ಲಿ ಬೀಜೋಪಚಾರ, ಮಣ್ಣಿನ ಮಾದರಿ, ಎರೆಗೊಬ್ಬರ, ಗುಂಪು ಚರ್ಚೆ ಎಲ್ಲ ಮುಗಿದ ಮೇಲೆ ಕೆಳಗೆಲ್ಲೋ ‘ಅಂಗನವಾಡಿಯಲ್ಲಿ ಪೌಷ್ಟಿಕ ಕೈತೋಟ’ ಅಂತ ಒಂದು ಸಾಲಿದೆ. ಆ ಸಾಲಿನ ಕಥೆ ಹೇಳುತ್ತೇನೆ. ಜಗಳೂರು ತಾಲ್ಲೂಕಿನದು.

2018ನೇ ಇಸವಿ. ಶಿವಮೊಗ್ಗದ ನವಿಲೆಯ ಕೃಷಿ ಕಾಲೇಜಿನಿಂದ ಹೊರಟ ನಮ್ಮ ತಂಡದ ಪಾಲಿಗೆ ಬಂದದ್ದು ಬಿಳಿಚೋಡು ಹೋಬಳಿಯ ಒಂದು ಸಣ್ಣ ಊರು. ದಾವಣಗೆರೆ ಸುತ್ತಿನ ಭದ್ರಾ ನಾಲೆಯ ಗದ್ದೆಗಳು ಹಿಂದೆ ಉಳಿದು, ಅಣಜಿ ದಾಟಿದ ಮೇಲೆ ರಸ್ತೆಯ ಎರಡೂ ಕಡೆ ಬರೀ ಮಳೆ ನಂಬಿದ ಹೊಲ. ವರ್ಷಕ್ಕೆ 500 ಮಿಲಿಮೀಟರಿನ ಆಸುಪಾಸು ಮಳೆ ಕಾಣುವ ಸೀಮೆ ಅದು. ಆ ವರ್ಷ ಅದೂ ಕೈಕೊಟ್ಟಿತ್ತು. ಮೊಣಕಾಲೆತ್ತರಕ್ಕೆ ನಿಂತುಹೋದ ಮೆಕ್ಕೆಜೋಳ, ಗರಿ ಸುರುಳಿ ಸುತ್ತಿಕೊಂಡು ಬೂದುಬಣ್ಣಕ್ಕೆ ತಿರುಗಿತ್ತು.

ಸಾಲದ್ದಕ್ಕೆ ಹುಳು. ಫಾಲ್ ಸೈನಿಕ ಹುಳು ಅಂತ ನೀವು ಪುಸ್ತಕದಲ್ಲಿ ಓದಿದ್ದೀರಲ್ಲ, ಅದು ನಮ್ಮ ದೇಶದಲ್ಲಿ ಮೊದಲು ಕಾಣಿಸಿಕೊಂಡದ್ದು ಅದೇ ವರ್ಷದ ಮೇ ತಿಂಗಳಲ್ಲಿ, ನಮ್ಮ ಶಿವಮೊಗ್ಗದಲ್ಲೇ. ಗುರುತಿಸಿದವರು ನಮ್ಮ ವಿಶ್ವವಿದ್ಯಾಲಯದ ಕೀಟಶಾಸ್ತ್ರದ ಮೇಷ್ಟ್ರುಗಳೇ. ಹಾಗಾಗಿ ನಾವು ಬಸ್ಸಿಳಿದದ್ದೇ ತಡ, ಊರಿನವರು ತೂತುಬಿದ್ದ ಗರಿ ಕಿತ್ತುಕೊಂಡು ಬಂದು ಎದುರಿಗೆ ಹಿಡಿದರು. ‘ಶಿವಮೊಗ್ಗದೋರಂತೆ. ಇದಕ್ಕೇನ್ ಹೊಡೀಬೇಕು ಹೇಳ್ರಿ.’ ಸುಳಿಗೆ ಮರಳು ಹಾಕುವುದು, ತವುಡು ಬೆಲ್ಲ ಹುಳಿಸಿ ವಿಷ ಬೆರೆಸಿ ಸುಳಿಗೆ ಉದುರಿಸುವುದು, ಇವನ್ನೇ ಹೇಳಿ ಹೇಳಿ ಮೊದಲ ದಿನಗಳು ಕಳೆದವು. ಕೈತೋಟದ ನೆನಪು ಯಾರಿಗೂ ಬಂದಿರಲಿಲ್ಲ.

ಗಣೇಶನ ಹಬ್ಬ ಮುಗಿದ ಮೇಲೆ ಹನುಮಪ್ಪನ ಗುಡಿ ಮುಂದೆ ಊರಿನ ನಕ್ಷೆ ಬಿಡಿಸಿದೆವು. ನೀವೂ ಬಿಡಿಸುತ್ತೀರಿ, ರಂಗೋಲಿ ಪುಡಿಯಲ್ಲಿ ಓಣಿ, ಹಳ್ಳ, ಹೊಲ ಎಲ್ಲ ಊರಿನವರ ಕೈಯಿಂದಲೇ. ಗಂಡಸರು ಮೊದಲು ಗುರುತು ಮಾಡಿದ್ದು ಕೊಳವೆಬಾವಿ. ನೀರಿರುವುದಕ್ಕೆ ಹಸಿರು, ಬತ್ತಿದ್ದಕ್ಕೆ ಕೆಂಪು. ನೋಡನೋಡುತ್ತ ಕೆಂಪು ಪುಡಿ ಖಾಲಿಯಾಗಿ ಯಾರದೋ ಮನೆಯಿಂದ ಕುಂಕುಮ ತಂದರು. ಹೆಂಗಸರು ದೂರ ನಿಂತಿದ್ದರು. ಅವರೊಳಗಿಂದ ಐವತ್ತು ದಾಟಿದ ಒಬ್ಬಾಕೆ, ಕಂಕುಳಲ್ಲಿ ಯಾರದೋ ಮಗು ಎತ್ತಿಕೊಂಡಿದ್ದವರು, ಸೀದಾ ನಕ್ಷೆಯೊಳಕ್ಕೆ ಬಂದು ಕಾಲ ಬೆರಳಿನಿಂದ ಒಂದು ಚೌಕ ಗೀಚಿದರು. ‘ಅಂಗನವಾಡಿ ಎಲ್ಲಿ ಬಿಟ್ರಿ? ಇದರ ಹಿತ್ಲಾಗೆ ಇಷ್ಟಗಲ ಜಾಗ ಬಿದ್ದೈತೆ. ಹಾವು ಮಲಗ್ತಾವೆ.’

ಅವರೇ ಅಂಗನವಾಡಿಯ ಸಹಾಯಕಿ. ಊರಿಗೆಲ್ಲ ಆಯಮ್ಮ.

ಆ ಸೆಪ್ಟೆಂಬರ್ ದೇಶದಲ್ಲಿ ಮೊದಲನೆಯ ಪೋಷಣ್ ಮಾಸ. ಮಾರ್ಚ್ 8ರಂದು ಪೋಷಣ್ ಅಭಿಯಾನ ಶುರುವಾಗಿತ್ತು. ಕೈತೋಟ ಮಾಡಿ ಅಂತ ಅಂಗನವಾಡಿ ಟೀಚರಿಗೆ ಮೇಲಿನಿಂದ ಸೂಚನೆಯೂ ಬಂದಿತ್ತು. ಟೀಚರಿಗಿದ್ದ ಕೆಲಸ ನೋಡಿದರೆ ಅದು ಆಗುವ ಮಾತಲ್ಲ. ಬೆಳಿಗ್ಗೆ ಮಕ್ಕಳನ್ನು ಕರೆತಂದು ಕೂರಿಸುವುದು, ಹಾಲು ಕಾಯಿಸುವುದು, ತೂಕ ಹಾಕಿ ಹಸಿರು ಹಳದಿ ಕಿತ್ತಳೆ ಪಟ್ಟಿಯಲ್ಲಿ ಚುಕ್ಕೆ ಇಡುವುದು, ದಪ್ಪ ದಪ್ಪ ರಿಜಿಸ್ಟರು. ಹಿಂದಿನ ವರ್ಷದ ಅಕ್ಟೋಬರ್ 2ರಿಂದ ಮಾತೃಪೂರ್ಣವೂ ಸೇರಿಕೊಂಡಿತ್ತು. ಬಸುರಿ ಬಾಣಂತಿಯರಿಗೆ ಮಧ್ಯಾಹ್ನದ ಬಿಸಿಯೂಟ, ಅನ್ನ ಸಾರು ಪಲ್ಯ ಮೊಟ್ಟೆ ಹಾಲು ಶೇಂಗಾ ಚಿಕ್ಕಿ. ಕಾಳು ಬೇಳೆ ಇಲಾಖೆಯಿಂದ ಬರುತ್ತಿತ್ತು. ತರಕಾರಿ ಟೀಚರೇ ಕೊಳ್ಳಬೇಕಿತ್ತು. ಅದಕ್ಕೆ ಸಿಗುವ ಕಾಸಿನಲ್ಲಿ ಬರಗಾಲದ ಸಂತೆಯಿಂದ ಏನು ತರುತ್ತೀರಿ? ಸಾರಿನಲ್ಲಿ ಎರಡು ಟೊಮೆಟೊ ತೇಲುತ್ತಿತ್ತು. ಬಸುರಿಗೆ ದಿನಕ್ಕೆ 100 ಗ್ರಾಂ ಸೊಪ್ಪು ಬೇಕು ಅನ್ನುತ್ತಿತ್ತು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ. ನಾವು ಅದನ್ನು ಚಾರ್ಟಿನಲ್ಲಿ ಬಣ್ಣ ಬಣ್ಣವಾಗಿ ಬರೆದು ಗೋಡೆಗೆ ಅಂಟಿಸಿದ್ದೆವು. ಆಯಮ್ಮ ಅದನ್ನು ಓದಿಸಿಕೊಂಡು ಕೇಳಿದರು: ‘ಗೋಡೆ ಮೇಲಿಂದ ಕಿತ್ತು ಹಾಕಾಕೆ ಬರ್ತೈತೇನವ್ವ?’ ನಿಜಕ್ಕೂ ತಿಳಿಯಬೇಕೆಂದು ಕೇಳಿದ ಪ್ರಶ್ನೆ ಅದು. ಮರುದಿನ ಬೆಳಿಗ್ಗೆ ಹಾರೆ ಗುದ್ದಲಿ ಹಿಡಿದು ಹಿತ್ತಲಿಗಿಳಿದೆವು.

ಅರ್ಧ ಗುಂಟೆಯೂ ಇಲ್ಲದ ಜಾಗ. ಪಾರ್ಥೇನಿಯಂ ಎದೆಮಟ್ಟ. ಕೆಳಗೆ ಕಟ್ಟಡ ಕಟ್ಟಿದಾಗ ಸುರಿದ ಜಲ್ಲಿ, ಸಿಮೆಂಟಿನ ಗಟ್ಟಿ, ಬಳೆಚೂರು. ಎರಡು ಗಾಡಿ ಕೊಟ್ಟಿಗೆಗೊಬ್ಬರ ಬಂತು, ಕೆರೆಯಂಗಳದ ಗೋಡು ಬಂತು. ಕೆರೆ ಒಣಗಿದ್ದರಿಂದ ಗೋಡು ಸುಲಭಕ್ಕೆ ಸಿಕ್ಕಿತು. ಬರಗಾಲ ಕೊಟ್ಟದ್ದು ಅದೊಂದನ್ನೇ. ನಾಲ್ಕು ಮಡಿ ಮಾಡಿದೆವು. ಹೆಸರಘಟ್ಟದ ಸಂಸ್ಥೆಯ ಅರ್ಕಾ ಸುಗುಣ ದಂಟು, ಪಾಲಕ್, ಮೆಂತ್ಯ, ಬದನೆ, ಬೆಂಡೆ, ಗೋಡೆಗೆ ಹಬ್ಬಲು ಅವರೆ, ಮೂಲೆಗೆ ನುಗ್ಗೆ, ಕರಿಬೇವು.

ಪರಂಗಿ ಸಸಿಯನ್ನೂ ತಂದಿದ್ದೆವು. ಕೈತೋಟದ ಮಾದರಿ ಚಿತ್ರದಲ್ಲಿ ಅದು ಇದ್ದೇ ಇರುತ್ತದೆ. ಗುಂಡಿ ತೆಗೆಯುವ ಹೊತ್ತಿಗೆ ಎದುರು ಮನೆಯ ಅಜ್ಜಿ ಬಾಗಿಲಿನಿಂದಲೇ ಕೂಗಿದರು: ‘ಬಸುರೇರು ಉಣ್ಣೋ ಜಾಗದಾಗೆ ಪರಂಗಿ ಹಾಕ್ತೀರಾ? ನನ್ನ ಸೊಸೆ ನಾಳೆಯಿಂದ ಬರಲ್ಲ.’ ಹಣ್ಣಾದ ಪರಂಗಿಯಿಂದ ಅಪಾಯವಿಲ್ಲ, ಕಾಯಿಯ ಹಾಲಿನದೇ ತಕರಾರು ಅಂತ ನಮ್ಮಲ್ಲೊಬ್ಬ ವಿವರಿಸಲು ಹೊರಟ. ಟೀಚರ್ ಅವನ ತೋಳು ಹಿಡಿದು ನಿಲ್ಲಿಸಿದರು. ‘ಊಟಕ್ಕೆ ಆ ಹುಡುಗಿಯನ್ನು ಕರೆತರೋಕೆ ನಾನು ಎರಡು ತಿಂಗಳು ಅವರ ಮನೆಗೆ ಓಡಾಡಿದ್ದೀನಿ. ಸಸಿ ಶಾಲೆಗೆ ಕೊಡಿ, ಇಲ್ಲಿ ನಿಂಬೆ ಹಾಕಿ.’ ನಿಂಬೆ ಹಾಕಿದೆವು. ನಂಬಿಕೆ ಸರಿಯೋ ತಪ್ಪೋ ವಾದ ಮಾಡಲು ವರ್ಷಗಟ್ಟಲೆ ಸಮಯವಿದೆ, ಬಸುರಿಗೆ ಇರುವುದು ಒಂಬತ್ತೇ ತಿಂಗಳು. ಟೀಚರ್ ಮಾಡಿದ್ದೇ ಸರಿ ಅಂತ ನಾನು ಇವತ್ತಿಗೂ ನಂಬುತ್ತೇನೆ.

ಇನ್ನು ನೀರು. ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು.

ಊರಿಗೆ ನಲ್ಲಿ ನೀರು ದಿನಬಿಟ್ಟು ದಿನವೂ ಬರುತ್ತಿರಲಿಲ್ಲ. ಕೊಳವೆಬಾವಿ ನೀರಿನಲ್ಲಿ ಫ್ಲೋರೈಡು, ಅದಕ್ಕಾಗಿ ಕುಡಿಯಲು ಶುದ್ಧ ನೀರಿನ ಘಟಕದ ಕ್ಯಾನು. ಕುಡಿಯುವ ನೀರಿಗೇ ಕೊಡ ಸಾಲು ಹಚ್ಚುವ ಊರಲ್ಲಿ ಸೊಪ್ಪಿಗೆ ನೀರು ಹಾಕಿ ಅಂತ ಯಾವ ಬಾಯಲ್ಲಿ ಹೇಳುವುದು? ಘಟಕದಿಂದ ಹೊರಗೆ ಹರಿದುಹೋಗುವ ತ್ಯಾಜ್ಯ ನೀರನ್ನು ತಿರುಗಿಸಿಕೊಳ್ಳೋಣ ಅಂದರು ಯಾರೋ. ಅಲ್ಲೇ ಮೇಕೆ ಹೊಡೆದುಕೊಂಡು ಹೋಗುತ್ತಿದ್ದ ಒಬ್ಬ ಅಜ್ಜ ನಮ್ಮನ್ನು ಘಟಕದ ಹಿಂದಕ್ಕೆ ಕರೆದೊಯ್ದರು. ಪೈಪು ಬಿಡುವ ಜಾಗದ ಮಣ್ಣನ್ನು ಬೆರಳಿನಿಂದ ಕೆರೆದು ಅಂಗೈಗೆ ಹಾಕಿ ತೋರಿಸಿದರು. ಮೇಲ್ಮೈಗೆ ಬಿಳಿ ಪೊರೆ. ನಾಲಿಗೆಗೆ ಮುಟ್ಟಿಸಿಕೊಂಡು, ‘ಉಪ್ಪು ಕಣ್ರಪ್ಪ. ಇಲ್ಲಿ ಕರಿಕೆನೂ ಹುಟ್ಟಿಲ್ಲ ನೋಡ್ರಿ’ ಅಂದರು. ಫಿಲ್ಟರಿನಿಂದ ಹೊರಬೀಳುವ ನೀರಿನಲ್ಲಿ ಲವಣ ಸಾಂದ್ರವಾಗಿರುತ್ತದೆ ಅಂತ ನಮಗೆ ತರಗತಿಯಲ್ಲಿ ಹೇಳಿದ್ದರು. ಅದು ಆ ಅಂಗೈ ಮೇಲೆ ಕಂಡಿತು. ಆ ಯೋಚನೆ ಅಲ್ಲಿಗೇ ಬಿತ್ತು.

ದಾರಿ ಮಾಡಿದವರು ಆಯಮ್ಮ. ಮಕ್ಕಳು ಹಾಲು ಕುಡಿಯುವ ಮುಂಚೆ, ಉಂಡ ಮೇಲೆ ಕೈ ತೊಳೆಯುತ್ತಾರಲ್ಲ, ಆ ನೀರು ಬಾಗಿಲ ಮುಂದಿನ ಚರಂಡಿಗೆ ಹೋಗುತ್ತಿತ್ತು. ಅಕ್ಕಿ ತೊಳೆದ ನೀರು, ತರಕಾರಿ ತೊಳೆದ ನೀರು ಎಲ್ಲ ಅಲ್ಲಿಗೇ. ಆಯಮ್ಮ ಒಂದು ಚಪ್ಪಡಿ ಕಲ್ಲನ್ನು ಹಿತ್ತಿಲಿಗೆ ಹೊರಳಿಸಿಕೊಂಡು ಬಂದು ಮಡಿಯ ತಲೆಗೆ ಓರೆಯಾಗಿ ಇಟ್ಟರು. ಇನ್ನುಮುಂದೆ ಕೈತೊಳೆಯುವುದೆಲ್ಲ ಅಲ್ಲಿ. ಸೋಪಿನ ಪಾತ್ರೆ ನೀರು ಬೇರೆ, ಅದು ನುಗ್ಗೆಯ ಆಚೆಗೆ. ಹಳೆಯ ಗಡಿಗೆಗಳನ್ನು ಕುಂಬಾರರ ಮನೆಯಿಂದ ಕೇಳಿ ತಂದು ಬದನೆ ಸಾಲಿನ ನಡುವೆ ಕತ್ತಿನವರೆಗೆ ಹೂತೆವು. ಒಳಗೆ ನೀರು ತುಂಬಿ ಬಾಯಿಗೆ ಚಿಪ್ಪು ಮುಚ್ಚಿದರೆ ಸುಟ್ಟ ಮಣ್ಣು ಬೇಕಾದಷ್ಟನ್ನೇ ಬೇರಿಗೆ ಜಿನುಗಿಸುತ್ತದೆ, ಬಿಸಿಲು ಒಂದು ಹನಿಯನ್ನೂ ಕದಿಯುವುದಿಲ್ಲ. ನೀವು ಬಯಲುಸೀಮೆಗೆ ಹೋಗುವವರು ಇದೊಂದನ್ನು ಬರೆದುಕೊಳ್ಳಿ.

ಮಕ್ಕಳ ಸಾಲು ನೋಡಬೇಕಿತ್ತು ನೀವು. ಮೂರು ವರ್ಷದ್ದು, ನಾಲ್ಕು ವರ್ಷದ್ದು, ಒಂದರ ಅಂಗಿ ಇನ್ನೊಂದು ಹಿಡಿದುಕೊಂಡು. ಆಯಮ್ಮ ಲೋಟದಿಂದ ಸಣ್ಣಗೆ ನೀರು ಬಿಡುವರು. ಮಗು ಎರಡೂ ಕೈ ಉಜ್ಜಿ, ಕಲ್ಲಿನ ಮೇಲೆ ನೀರು ಜಾರಿ ಮಡಿಗಿಳಿಯುವವರೆಗೂ ಬಗ್ಗಿ ನೋಡುವುದು. ನೀರು ಯಾವ ಗಿಡದ ಬುಡದಲ್ಲಿ ಇಂಗಿತೋ ಅದು ಆ ಮಗುವಿನ ಗಿಡ. ಒಬ್ಬ ಹುಡುಗನಿಗಂತೂ ಮೊಳಕೆ ಮೇಲೆ ನಂಬಿಕೆಯೇ ಇಲ್ಲ. ದಿನಾ ಅವರೆ ಬೀಜ ಅಗೆದು ನೋಡುವನು, ಬಾಲದಂಥ ಬೇರು ಕಂಡ ಮೇಲೆ ಮತ್ತೆ ಮುಚ್ಚುವನು. ನಾವು ಬೇಡ ಅಂದರೆ ಆಯಮ್ಮ, ‘ನೋಡ್ಲಿ ಬಿಡ್ರಿ, ನಾಲ್ಕ್ ಬೀಜ ಅವನ ಪಾಲಿಗೆ ಹೋಗ್ಲಿ’ ಅನ್ನುವರು. ನಾಲ್ಕರಲ್ಲಿ ಒಂದು ಹೇಗೋ ಬದುಕಿ ಬಳ್ಳಿಯಾಯಿತು.

ಅವರೆ ಕುಡಿಗೆ ಹೇನು ಹತ್ತಿತು. ಹೊಲಕ್ಕೆ ಎಣ್ಣೆ ಹೊಡೆದು ಬರುತ್ತಿದ್ದ ಒಬ್ಬರು, ಪಾಪ, ಉಪಕಾರದ ಮನಸ್ಸಿನಿಂದಲೇ, ಬೆನ್ನಿನ ಕ್ಯಾನು ಇಳಿಸುತ್ತ ಕೇಳಿದರು: ‘ಉಳದೈತೆ, ಒಂದ್ ಸುತ್ತು ಹೊಡೀಲಾ?’ ಆಯಮ್ಮ ಬಾಗಿಲಿಗೆ ಅಡ್ಡ ನಿಂತುಬಿಟ್ಟರು. ಆ ಕ್ಯಾನು ಅಂಗನವಾಡಿ ನಲ್ಲಿಯ ಹತ್ತಿರಕ್ಕೂ ಬರಬಾರದು ಅಂತ ಅವತ್ತೇ ಊರಿಗೆ ಮಾತು ಹೋಯಿತು. ಹೇನಿಗೆ ಬೇವಿನ ಬೀಜದ ಕಷಾಯ, ಮೇಲೆ ಒಲೆಬೂದಿ. ಅಷ್ಟರಲ್ಲೇ ಹತೋಟಿಗೆ ಬಂತು.

ಅಕ್ಟೋಬರ್ ನಡುವಿನ ಹೊತ್ತಿಗೆ ದಂಟು ಗೇಣೆತ್ತರ ಬಂದಿತ್ತು, ಪಾಲಕ್ ಮಡಿ ತುಂಬಿತ್ತು. ಹಬ್ಬ ಮುಗಿಸಿ ಬಂದು ಮೊದಲ ಕಟಾವು ಅಂತ ತೀರ್ಮಾನಿಸಿ ಆಯುಧಪೂಜೆಗೆ ಊರಿಗೆ ಹೋದೆವು. ಬನ್ನಿ ಮುಡಿದು ವಾಪಸು ಬಂದರೆ ಹಿತ್ತಲು ಬೋಳು.

ಮೇಕೆ. ಕಾಂಪೌಂಡಿನ ಬಿದ್ದ ಮೂಲೆಯಿಂದ ಇಡೀ ಹಿಂಡು ನುಗ್ಗಿತ್ತು. ಮೆಂತ್ಯ ಬೇರುಸಮೇತ ಹೋಗಿತ್ತು. ಬದನೆಯ ಸುಳಿ ಇಲ್ಲ, ಬೆಂಡೆಯ ಬರೀ ಕಡ್ಡಿ ನಿಂತಿತ್ತು. ನಮ್ಮಲ್ಲಿಬ್ಬರು ಅಲ್ಲೇ ಕೂತು ಅತ್ತರು. ಆಯಮ್ಮ ಮಾತಾಡಲಿಲ್ಲ. ಮಡಿಯೊಳಗೆ ಕುಕ್ಕರಗಾಲಲ್ಲಿ ಕೂತು ದಂಟಿನ ಒಂದೊಂದೇ ಮೋಟನ್ನು ಬೆರಳಲ್ಲಿ ಹಿಡಿದು ನೋಡುತ್ತ ಹೋದರು.

ಮೇಕೆ ಯಾರದೆಂದು ಎಲ್ಲರಿಗೂ ಗೊತ್ತಿತ್ತು. ನಮಗೆ ಉಪ್ಪಿನ ಮಣ್ಣು ತೋರಿಸಿದ ಅದೇ ಅಜ್ಜನ ಹಿಂಡು. ಪಂಚಾಯ್ತಿಗೆ ಹೇಳಿ, ದಂಡ ಹಾಕಿಸಿ ಅಂತ ನಾಲ್ಕು ಮಂದಿ ಸೇರಿದರು. ಅಜ್ಜ ಟವೆಲ್ಲು ಕೈಯಲ್ಲಿ ಹಿಡಿದು ಬಂದು ನಿಂತರು. ಬೆಳೆ ಹೋದ ಆ ವರ್ಷ ಅವರ ಮನೆ ನಡೆಯುತ್ತಿದ್ದದ್ದು ಆ ಮೇಕೆಗಳ ಮೇಲೆ. ಬಯಲಲ್ಲಿ ಹಸಿರು ಅನ್ನುವುದು ಇದ್ದರೆ ನಮ್ಮ ಹಿತ್ತಿಲಲ್ಲಿ ಮಾತ್ರ ಇತ್ತು. ಟೀಚರ್ ದಂಡದ ಮಾತೆತ್ತಲಿಲ್ಲ. ‘ಅಜ್ಜ, ಬೇಲಿ ಆಗಬೇಕಲ್ಲ’ ಅಂದರು, ಅಷ್ಟೇ.

ಮಧ್ಯಾಹ್ನದೊಳಗೆ ಅಜ್ಜ, ಅವರ ಇಬ್ಬರು ಮೊಮ್ಮಕ್ಕಳು ಹಳ್ಳದ ದಂಡೆಯಿಂದ ಬಳ್ಳಾರಿ ಜಾಲಿ ಕಡಿದು ಎಳೆದು ತರತೊಡಗಿದರು. ಅದನ್ನು ಕೈಯಲ್ಲಿ ಹಿಡಿಯುವ ಹಾಗಿಲ್ಲ. ಕವೆಗೋಲಿನಿಂದ ಒತ್ತಿ, ಇನ್ನೊಂದು ಕೋಲಿನಿಂದ ತಳ್ಳಿ, ಬುಡ ಹೊರಗೆ ತುದಿ ಒಳಗೆ ಹೆಣೆಯಬೇಕು. ನಾವು ಕಲಿತೆವು, ಕಲಿಯುವಾಗ ಎಲ್ಲರ ಕೈಯೂ ಗೀರಿತು. ಸಂಜೆ ಹೊಲದಿಂದ ಬಂದ ತಾಯಂದಿರು ಒಬ್ಬೊಬ್ಬರೇ ಸೇರಿಕೊಂಡರು. ಪರಂಗಿಗೆ ಜಗಳ ತೆಗೆದ ಅಜ್ಜಿ ತಮ್ಮ ಕೊಟ್ಟಿಗೆಯ ಹಳೆಯ ತಡಿಕೆ ತಂದು ಬಾಗಿಲಿಗೆ ಕೊಟ್ಟರು. ಕತ್ತಲಾದ ಮೇಲೂ ಕೆಲಸ ಉಳಿದಿತ್ತು. ಬೆಂಡು ಗುಡ್ಡೆ ಹಾಕಿ ಬೆಂಕಿ ಮಾಡಿ ಅದರ ಬೆಳಕಿನಲ್ಲೇ ಕೊನೆಯ ಮಗ್ಗುಲು ಮುಗಿಸಿದೆವು.

ಆ ಬೆಂಕಿಯ ಮುಂದೆ ಅಜ್ಜ ತಮ್ಮ ಶಾಲೆಯ ದಿನ ನೆನೆದರು. ಅಮೆರಿಕದ ಕೇರ್ ಸಂಸ್ಥೆಯಿಂದ ಬರುತ್ತಿದ್ದ ಹಳದಿ ನುಚ್ಚಿನ ಉಪ್ಪಿಟ್ಟು, ಹಾಲಿನ ಪುಡಿ. ‘ಅದರ ಆಸೆಗೇ ಸಾಲೀಗೆ ಹೋಗ್ತಿದ್ವಿ. ನುಚ್ಚು ಮುಗದ್ರೆ ಸಾಲೀನೂ ಮುಗೀತು. ಇಲ್ಲಿ ಹುಟ್ಟಿದ್ದು ಒಂದೆಲೆ ಅದರಾಗೆ ಇರಲಿಲ್ಲವ್ವ.’ ಆಗ ಟೀಚರ್ ತಮ್ಮ ತರಬೇತಿಯಲ್ಲಿ ಕಲಿತದ್ದನ್ನು ಹೇಳಿದರು. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಈ ಅಂಗನವಾಡಿ ಯೋಜನೆ ಶುರುವಾಯಿತು, ನಮ್ಮ ರಾಜ್ಯದಲ್ಲಿ ಮೊದಲು ಬಂದದ್ದು ಮೈಸೂರು ಜಿಲ್ಲೆಯ ಟಿ. ನರಸೀಪುರಕ್ಕೆ. ‘ಕಾವೇರಿ ಕಪಿಲೆ ಕೂಡೋ ಊರು’ ಅಂದಾಗ ಸುತ್ತ ಕೂತವರೆಲ್ಲ ಒಮ್ಮೆಲೇ ಉಸಿರುಬಿಟ್ಟರು. ಎರಡು ಹೊಳೆ ಒಂದೇ ಊರಿಗೆ!

ಆಮೇಲೆ ಏನಾಯಿತೆಂದರೆ, ಆಯಮ್ಮ ಮೋಟು ಮುಟ್ಟಿ ನೋಡಿದ್ದು ಸುಮ್ಮನೆ ಅಲ್ಲ. ಅರ್ಕಾ ಸುಗುಣ ಕೊಯ್ದಷ್ಟೂ ಚಿಗುರುವ ತಳಿ. ಮೇಕೆ ಮೇಲುಮೇಲೆ ಮುರಿದದ್ದರಿಂದ ಬುಡದ ಗೆಣ್ಣುಗಳು ಉಳಿದಿದ್ದವು. ಗೊಬ್ಬರದ ತಿಳಿ ಹಾಕಿ ಬಿಟ್ಟ ಮೇಲೆ ಒಂದೊಂದು ಮೋಟಿಗೆ ಮೂರು ನಾಲ್ಕು ಕವಲೊಡೆಯಿತು. ದೀಪಾವಳಿ ಹೊತ್ತಿಗೆ ಮಡಿ ಮೊದಲಿಗಿಂತ ದಟ್ಟವಾಗಿತ್ತು. ಬದನೆ ಬದುಕಲಿಲ್ಲ, ಮೆಂತ್ಯ ಮತ್ತೆ ಬಿತ್ತಿದೆವು.

ಮೊದಲ ಕಟಾವಿನ ದಿನ ಆಯಮ್ಮ ಕುಡುಗೋಲು ನಮ್ಮ ಕೈಗೆ ಕೊಡಲಿಲ್ಲ. ಮಕ್ಕಳನ್ನು ಬಿಟ್ಟು ಚಿವುಟಿಸಿದರು, ಅವರವರ ಕೈನೀರು ಕುಡಿದ ಗಿಡ ಅವರವರಿಗೆ. ಬೇಳೆಗೆ ಸೊಪ್ಪು ಹಾಕಿ ಬೇಯಿಸಿ ಕಡೆದು, ಬೆಳ್ಳುಳ್ಳಿ ಒಗ್ಗರಣೆ ಕೊಟ್ಟ ಮಸ್ಸೊಪ್ಪು. ಸೊಪ್ಪು ಕಂಡರೆ ತಟ್ಟೆ ತಳ್ಳುತ್ತಿದ್ದ ಅವರೆ ಬೀಜದ ಹುಡುಗ ‘ನಂದ್ಯಾವ್ದು?’ ಅಂತ ಸಾರಿನೊಳಗೆ ತನ್ನ ಎಲೆ ಹುಡುಕಿದ. ಆಯಮ್ಮ ಒಂದು ಎಸಳು ಎತ್ತಿ, ‘ಇದೇ’ ಅಂದರು. ತಿಂದ. ಬಸುರಿಯರು ಡಬ್ಬಿ ತಂದು ಮನೆಗೆ ಒಯ್ಯುವುದು ಅಲ್ಲಿಯ ರೂಢಿ. ಮನೆಗೆ ಹೋದ ಊಟ ನಾಲ್ಕು ಪಾಲಾಗುತ್ತದೆ, ಬಸುರಿಗೆ ಸಿಗುವುದು ಕಡೆಯ ಪಾಲು. ಅವತ್ತು ಎದುರು ಮನೆಯ ಸೊಸೆ ಅಲ್ಲೇ ಕೂತು ಉಂಡಳು. ಅವಳತ್ತೆ ಬಾಗಿಲಲ್ಲಿ ನಿಂತು ಎರಡನೇ ಸಲ ಹಾಕಿಸಿದರು.

ಇಷ್ಟರಿಂದ ಆ ಊರಿನ ಮಕ್ಕಳ ತೂಕ ಏರಿತು ಅಂತ ಹೇಳುವವಳಲ್ಲ ನಾನು. ತೂಕಕ್ಕೆ ಕಾಳು, ಎಣ್ಣೆ, ಮೊಟ್ಟೆ, ಹಾಲು ಬೇಕು, ಭೇದಿ ಬಾರದಂಥ ನೀರು ಬೇಕು. ಸೊಪ್ಪು ಕೊಡುವುದು ಕಬ್ಬಿಣ, ಎ ಜೀವಸತ್ವ, ನಿಂಬೆ ಹಿಂಡಿದರೆ ಆ ಕಬ್ಬಿಣ ಮೈಗೆ ಹತ್ತುವ ದಾರಿ. ಅದು ಸಣ್ಣದಲ್ಲ. ನಿಮ್ಮ ವರದಿಯಲ್ಲಿ ಇದನ್ನೂ ಅದನ್ನೂ ಬೇರೆಬೇರೆಯಾಗಿಯೇ ಬರೆಯಿರಿ. ಇನ್ನೊಂದು ಮಾತು. ರಾವೆ ಪ್ರತಿ ವರ್ಷ ಊರು ಬದಲಿಸುತ್ತದೆ. ನೀವು ಮೂರು ತಿಂಗಳ ಮಂದಿ. ಹಾಗಾಗಿ ಮೊದಲ ವಾರವೇ ಆ ಊರಿನ ಆಯಮ್ಮ ಯಾರೆಂದು ಹುಡುಕಿ, ಏನು ಹಾಕಬೇಕು ಎಲ್ಲಿ ಹಾಕಬೇಕು ಅನ್ನುವುದನ್ನು ಆಕೆಯ ಬಾಯಿಂದ ಕೇಳಿ. ನಕ್ಷೆಯಲ್ಲಿ ಆ ಚೌಕ ಗೀಚಿದ್ದು ನಾವಲ್ಲವಲ್ಲ.

ಡಿಸೆಂಬರಿನಲ್ಲಿ ಹೊರಡುವ ಮುನ್ನಾದಿನ ನಮ್ಮ ವಸ್ತುಪ್ರದರ್ಶನ ಮುಗಿಸಿ ಹಿತ್ತಿಲಿಗೆ ಹೋದಾಗ ದಂಟಿನ ಒಂದು ಸಾಲು ಕೊಯ್ಯದೇ ಬಿಟ್ಟದ್ದು ಕಂಡಿತು. ಆಳೆತ್ತರ ಬೆಳೆದು ತೆನೆಗಟ್ಟಿತ್ತು. ಆಯಮ್ಮ ತೆನೆಯನ್ನು ಮೊರದ ಮೇಲೆ ತಿಕ್ಕಿ, ಕೇರಿ, ಮಿರಮಿರ ಕಪ್ಪು ಬೀಜವನ್ನು ಬೂದಿಯ ಜೊತೆ ಕಲಸಿ ಮಣ್ಣಿನ ಕುಡಿಕೆಗೆ ತುಂಬುತ್ತಿದ್ದರು. ಸುತ್ತ ಬೇರೆ ದಂಟಿನ ತಳಿ ಇರಲಿಲ್ಲ, ಕಲಬೆರಕೆಯ ಭಯವೂ ಇರಲಿಲ್ಲ. ಓಣಿಯ ಐದಾರು ಮನೆಗೆ ಆಗಲೇ ಒಂದೊಂದು ಹಿಡಿ ಹೋಗಿತ್ತು. ಅಜ್ಜನ ಮನೆಗೂ.

ಮುಂದಿನ ವರ್ಷ ಈ ಸೀಮೆಗೆ ಯಾರಾದರೂ ಬಂದರೆ ಏನು ಹೇಳಲಿ ಆಯಮ್ಮ, ಅಂದೆ. ಕುಡಿಕೆ ಬಾಯಿಗೆ ಬಟ್ಟೆ ಕಟ್ಟುತ್ತ ತಲೆ ಎತ್ತದೆಯೇ ಹೇಳಿದರು:

‘ಬೀಜ ತರಬೇಡ ಅನ್ನು, ಅದು ನನ್ನ ಹತ್ರ ಐತೆ. ಒಂದು ಹಾರೆ ತರ್ಲಿ, ಪಂಚಾಯ್ತೀದು ವಾಪಸ್ ಕೊಡಬೇಕು. ಎರಡು ಗಡಿಗೆ ಒಡೆದಾವೆ, ಅವನ್ನೂ ತರ್ಲಿ. ಹಂಗೇ ಬರುವಾಗ ಕೈ ಉದ್ದ ಇರೋ ಒಬ್ಬ ಹುಡುಗನ್ನ ಕರಕೊಂಡು ಬರ್ಲಿ. ನುಗ್ಗೆ ಮೇಲಕ್ಕೆ ಹೋಗ್ತೈತೆ, ನನಗೆ ಎಟುಕಲ್ಲ.’